ಹಕಾರ ಕಳೆದರೆ ಮಂಡ್ಯದ ಮಾತಾಗುವುದಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು, ಟಿ.ವಿ. ಧಾರಾವಾಹಿಗಳಲ್ಲಿ ಈಗ ಮಂಡ್ಯದ ಮಾತು ಕೇಳಿಬರುತ್ತಿದೆ ಎಂದು ಸಂತೋಷಪಟ್ಟು ಬರೆದಿದ್ದರು. ಅವರ ಸಂತೋಷ ನನಗೆ ಅರ್ಥವಾಗುತ್ತದೆ. ನಮ್ಮ ಕಡೆಯ ಮಾತು ಬಹಳ ಕಾಲ ತೆರೆಯ ಮೇಲೆ ಹಾಸ್ಯದವನ ಬಾಯಲ್ಲಿ, ಇಲ್ಲವೇ ರೌಡಿಯ ಬಾಯಲ್ಲಿ ಮಾತ್ರ ಇರುತ್ತಿತ್ತು. ಈಗ ನಾಯಕಿಯ ಬಾಯಿಗೂ ಬಂದಿದೆ. ಆದರೆ ಬಂದಿರುವುದು ನಮ್ಮ ಮಾತೇ ಅಲ್ಲ ಎಂಬುದು ನನ್ನ ತಕರಾರು. 'ಹ' ಇರುವಲ್ಲಿ 'ಅ' ಹಾಕಿ, ಕೊನೆಗೊಂದು 'ಕಣ್ಲಾ' ಅಂಟಿಸಿಬಿಟ್ಟರೆ ಮಂಡ್ಯದವರು ಮಾತನಾಡಿದಂತೆ ಆಗುವುದಿಲ್ಲ. ಅದು ಬೆಂಗಳೂರಿನ ಯಾವುದೋ ಕೋಣೆಯಲ್ಲಿ ಹುಟ್ಟಿದ ಮಾತಿಗೆ ತೊಡಿಸಿದ ನಮ್ಮೂರ ಅಂಗಿ ಅಷ್ಟೇ.

ನಾನು ಕಥೆ ಬರೆದವಳಲ್ಲ. 1986ರಿಂದ 2021ರವರೆಗೆ ಮಂಡ್ಯ ಜಿಲ್ಲೆಯ ಬೇರೆ ಬೇರೆ ನ್ಯಾಯಾಲಯಗಳಲ್ಲಿ ಬೆರಳಚ್ಚುಗಾರ್ತಿಯಾಗಿ ಸಾಕ್ಷಿಗಳ ಹೇಳಿಕೆಗಳನ್ನು ಅಚ್ಚು ಮಾಡಿದವಳು. ಮೊದಲು ಕಾರ್ಬನ್ ಹಾಳೆ ಇಟ್ಟು ಟೈಪ್‌ರೈಟರಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಏಳು ತಾಲ್ಲೂಕುಗಳ ಜನರ ಮಾತನ್ನು ಸಾಕ್ಷಿಯ ಕಟಕಟೆಯಿಂದ ನಾಲ್ಕೈದು ಅಡಿ ದೂರದಲ್ಲಿ ಕುಳಿತು ಕೇಳಿದ್ದೇನೆ. ನಾಗಮಂಗಲದ ಕಡೆಯವರೋ ಮಳವಳ್ಳಿಯ ಕಡೆಯವರೋ ಎಂಬುದು ಎರಡನೆಯ ವಾಕ್ಯಕ್ಕೆಲ್ಲ ತಿಳಿದುಬಿಡುತ್ತಿತ್ತು. ಮೇಲುಕೋಟೆಯ ಬೀದಿಯಿಂದ ಬಂದವರದು ಮತ್ತೊಂದೇ ಧಾಟಿ. 'ಮಂಡ್ಯ ಭಾಷೆ' ಎಂದು ಒಂದೇ ಹೆಸರಿಟ್ಟು ಕರೆಯುವವರು ಈ ಏಳು ತಾಲ್ಲೂಕುಗಳಲ್ಲಿ ಒಂದರ ಸಂತೆಯನ್ನೂ ಸುತ್ತಿದವರಲ್ಲ.

ನನ್ನ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ವಾದವೆಲ್ಲ ಅಲ್ಲಿಂದಲೇ ಹುಟ್ಟಿದೆ. ಸೆಷನ್ಸ್ ವಿಚಾರಣೆಯಲ್ಲಿ, ಎಂದರೆ ಕೊಲೆಯಂಥ ದೊಡ್ಡ ಅಪರಾಧಗಳ ವಿಚಾರಣೆಯಲ್ಲಿ, ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 276ನೇ ಕಲಮು ಹೇಳುತ್ತಿತ್ತು. (2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ, ನಾನು ಹೇಳುವುದು ನನ್ನ ಕಾಲದ ಕಲಮುಗಳನ್ನು.) ನ್ಯಾಯಾಧೀಶರು ಬೇಕೆನಿಸಿದ ಕಡೆ ಪ್ರಶ್ನೆ ಮತ್ತು ಉತ್ತರವನ್ನು ಇದ್ದಂತೆಯೇ ಬರೆಸಬಹುದು. ಉಳಿದಂತೆ ವಕೀಲರ ಪ್ರಶ್ನೆ ಕಾಗದದಿಂದ ಮಾಯವಾಗುತ್ತದೆ, ಉತ್ತರವೊಂದೇ 'ನಾನು' ಎಂದು ಶುರುವಾಗುವ ವಾಕ್ಯವಾಗಿ ನಿಲ್ಲುತ್ತದೆ. ಕಾನೂನಿಗೆ ಬೇಕಾದದ್ದು ಸಂಗತಿ, ಆದ್ದರಿಂದ ಅದು ಸರಿಯೇ. ಆದರೆ ಹಾಗೆ ಬರೆಯುವಾಗ ಏನು ಸೋರಿಹೋಗುತ್ತದೆ ಎಂಬುದನ್ನು ಮೂವತ್ತೈದು ವರ್ಷ ಕಿವಿಯಾರೆ ಕೇಳಿದ್ದೇನೆ. ಸೋರಿಹೋಗುತ್ತಿದ್ದದ್ದೇ ಸಂಭಾಷಣೆ.

ಒಂದು ಹೊಡೆದಾಟದ ಪ್ರಕರಣ. ಹೆಸರು, ಊರು ಬಿಟ್ಟು ಹೇಳುತ್ತೇನೆ. ಗದ್ದೆಯ ಬದುವಿನ ವಿಷಯಕ್ಕೆ ಜಗಳವಾಗಿ ಒಬ್ಬರಿಗೆ ಪೆಟ್ಟಾಗಿತ್ತು. ಅವರ ಪಕ್ಕದ ಮನೆಯ ಮುದುಕಿ ಸಾಕ್ಷಿ. ಹೊಡೆದವನೆಂದು ಹೇಳಲಾದ ಹುಡುಗ ಆಕೆಯ ಅಣ್ಣನ ಮಗ. ಸರ್ಕಾರಿ ವಕೀಲರು ಕೇಳಿದರು: "ಯಾರು ಹೊಡೆದದ್ದು, ನೋಡಿದಿರಾ?" ಆಕೆ ಹೇಳಿದಳು: "ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದೆ ಸ್ವಾಮಿ." "ಅದು ಸರಿ, ಕೂಗು ಕೇಳಿಸಿ ತಿರುಗಿ ನೋಡಿದಿರಲ್ಲವೇ?" "ಗಬ್ಬದ ಹಸು. ಬಿಟ್ಟು ಕದಲುವ ಹಾಗಿರಲಿಲ್ಲ." "ಅಜ್ಜಿ, ನೋಡಿದಿರೋ ಇಲ್ಲವೋ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಸು ಆಮೇಲೆ ಹೆಣ್ಣುಗರು ಹಾಕಿತು" ಎಂದಳು.

ನಾನು ಅಚ್ಚು ಮಾಡಿದ್ದು ಒಂದೇ ವಾಕ್ಯ: 'ನಾನು ಘಟನೆಯನ್ನು ನೋಡಿರುವುದಿಲ್ಲ.'

ಆಕೆ ನೋಡಿದ್ದಳು ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಸುಳ್ಳು ಹೇಳಲಾರಳು, ಅಣ್ಣನ ಮಗನನ್ನು ಹಿಡಿದುಕೊಡಲಾರಳು. ಎರಡರ ನಡುವೆ ಆಕೆಗೆ ಉಳಿದಿದ್ದ ನಿಜ ಹಸುವೊಂದೇ. ಸಂಪಾದಕರೇ, ಮೇಲಿನ ಮಾತುಗಳನ್ನು ನಾನು ಅಚ್ಚಿನ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ಒಂದು ಹಕಾರವನ್ನೂ ಬಿಟ್ಟಿಲ್ಲ. ಆದರೂ ಆ ಮುದುಕಿ ಯಾವ ಸೀಮೆಯವಳು, ಎಷ್ಟು ವಯಸ್ಸಿನವಳು, ಯಾವುದಕ್ಕೆ ಹೆದರುತ್ತಾಳೆ ಎಂಬುದು ಕೇಳಿಸುತ್ತದೆ. ಆಕೆ ಹೇಳದೆ ಬಿಟ್ಟದ್ದು ಕಾಣುತ್ತಿರುವುದರಿಂದ ಕೇಳಿಸುತ್ತದೆ. ಉಚ್ಚಾರಣೆ ಆಮೇಲಿನ ಮಾತು. ಅದನ್ನು ಒಳ್ಳೆಯ ನಟಿ ತಾನೇ ತರುತ್ತಾಳೆ. ಹಸುವನ್ನು ಮಾತ್ರ ಬರೆಯುವವರೇ ತರಬೇಕು.

ಈ ಪತ್ರ ಬರೆಯುವಂತೆ ಮಾಡಿದವಳು ನನ್ನ ತಂಗಿಯ ಮಗಳು. ಮೈಸೂರಿನಲ್ಲಿ ಓದಿ, ಈಗ ಬೆಂಗಳೂರಿನಲ್ಲಿ ಒಂದು ಧಾರಾವಾಹಿಗೆ ಸಂಭಾಷಣೆ ಬರೆಯುತ್ತಾಳೆ. ನಮ್ಮಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಮೂರು ಹೆಸರು ಬೇರೆ ಬೇರೆಯಾಗಿ ಬರುವುದು ವಾಡಿಕೆ. ಯಾರು ಬರುತ್ತಾರೆ, ಏನಾಗುತ್ತದೆ ಎಂಬುದು ಇವಳ ಕೈಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ, ಮಾತನ್ನು ತುಂಬುವುದು ಇವಳ ಪಾಲು. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ. ದೃಶ್ಯಗಳ ಪಟ್ಟಿ ಸಂಜೆ ಬರುತ್ತದೆ, ಬೆಳಗ್ಗೆ ಚಿತ್ರೀಕರಣ. 'ದೊಡ್ಡಮ್ಮ, ಮೊದಲು ಮಾಮೂಲಿ ಕನ್ನಡದಲ್ಲಿ ಬರೆದುಬಿಡುತ್ತೇನೆ, ಆಮೇಲೆ ಮಂಡ್ಯ ಮಾಡುತ್ತೇನೆ' ಎಂದಳು. ಮಂಡ್ಯ ಮಾಡುವುದು ಎಂದರೆ ಏನು ಎಂದು ಕೇಳಿದೆ. ಹಕಾರ ತೆಗೆದು ಕೊನೆಗೆ ಬಾಲ ಸೇರಿಸುವುದಂತೆ. ನಮ್ಮ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ಹೀಗೆ ಹೇಳಿದ್ದು ನನಗೆ ಬಹಳ ನೋವಾಯಿತು. ತಪ್ಪು ಅವಳೊಬ್ಬಳದಲ್ಲ, ಒಂದು ರಾತ್ರಿಯಲ್ಲಿ ಇಪ್ಪತ್ತು ನಿಮಿಷದ ಮಾತು ಬರೆ ಎಂದರೆ ಯಾರಾದರೂ ಹತ್ತಿರದ ದಾರಿ ಹಿಡಿಯುತ್ತಾರೆ.

ಅವಳು ಬರೆದದ್ದನ್ನು ತರಿಸಿಕೊಂಡು ಓದಿದೆ. ಮೊದಲ ಪುಟದಲ್ಲೇ ಒಬ್ಬ ಅತ್ತಿಗೆ ತನ್ನ ನಾದಿನಿಗೆ ಹೇಳುತ್ತಾಳೆ: "ನಿನ್ನ ಅಣ್ಣ ಮೂರು ವರ್ಷದಿಂದ ದುಬೈನಲ್ಲಿ ಕೆಲಸ ಮಾಡುತ್ತಿದ್ದಾರಲ್ಲವೇ, ಅವರು ಕಳುಹಿಸಿದ ಹಣದಲ್ಲಿ ತಾನೇ ಈ ಮನೆ ಕಟ್ಟಿದ್ದು?" ನಾದಿನಿಗೆ ಇದು ತಿಳಿಯದೇ? ಇಬ್ಬರೂ ಅದೇ ಮನೆಯಲ್ಲಿದ್ದಾರೆ! 1872ರ ಸಾಕ್ಷ್ಯ ಅಧಿನಿಯಮದ 142ನೇ ಕಲಮಿನಂತೆ, ಮುಖ್ಯ ವಿಚಾರಣೆಯಲ್ಲಿ, ಎಂದರೆ ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರೇ ಮೊದಲು ಪ್ರಶ್ನೆ ಕೇಳುವಾಗ, ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆಯನ್ನು, ಎದುರು ಪಕ್ಷದವರು ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿ ಇಲ್ಲದೆ ಕೇಳುವಂತಿರಲಿಲ್ಲ. ಅಂಥ ಪ್ರಶ್ನೆ ಬಂದಾಗ ಎದುರಿನ ವಕೀಲರು ಎದ್ದು ನಿಲ್ಲುತ್ತಿದ್ದರು. ಕಥೆಯಲ್ಲಿ, ಧಾರಾವಾಹಿಯಲ್ಲಿ ಹಾಗೆ ಎದ್ದು ನಿಲ್ಲುವವರು ಯಾರೂ ಇಲ್ಲ. ಒಬ್ಬರಿಗೊಬ್ಬರು ಗೊತ್ತಿರುವುದನ್ನೇ ಹೇಳಿಕೊಳ್ಳುತ್ತಾರೆ, ಗೊತ್ತಾಗಬೇಕಾದದ್ದು ನಮಗೆ. ಅದೇ ಅತ್ತಿಗೆ, ಪೋಸ್ಟ್‌ಮನ್ ಬಂದು ಅಣ್ಣನ ಹೆಸರು ಕೂಗಿದಾಗ "ಅವರು ಇಲ್ಲಿರುವುದಿಲ್ಲ, ನನ್ನ ಕೈಗೇ ಕೊಡಿ" ಎಂದು ನಾದಿನಿಗಿಂತ ಮೊದಲು ಕೈ ಚಾಚಿದರೆ ಸಾಕಿತ್ತು. ಗಂಡ ದೂರವಿದ್ದಾನೆ, ಮನೆಯ ಯಜಮಾನಿಕೆಗೆ ಒಳಗೊಳಗೇ ಎಳೆದಾಟವಿದೆ ಎಂಬುದು ಅಲ್ಲಿಯೇ ಬಂತು.

ಕನ್ನಡಕ್ಕೆ ಇರುವ ಒಂದು ಸಣ್ಣ ಪ್ರತ್ಯಯವನ್ನು ನಮ್ಮ ಬರಹಗಾರರು ಮರೆತಿದ್ದಾರೆ ಎಂಬ ಕೊರಗು ನನಗೆ ಬಹಳ ದಿನದಿಂದ ಇದೆ. 'ಅಂತೆ.' ಹೊಡೆದ ಎಂದರೆ ಕಂಡದ್ದು, ಹೊಡೆದನಂತೆ ಎಂದರೆ ಕೇಳಿದ್ದು. ನ್ಯಾಯಾಲಯದಲ್ಲಿ ಈ 'ಅಂತೆ' ಬಿತ್ತೆಂದರೆ ಪಾಟೀಸವಾಲು ಮಾಡುವ, ಎಂದರೆ ಎದುರು ಪಕ್ಷದ ಪರವಾಗಿ ಸಾಕ್ಷಿಯನ್ನು ಪ್ರಶ್ನಿಸುವ, ವಕೀಲರ ಕಿವಿ ನೆಟ್ಟಗಾಗುತ್ತಿತ್ತು, ಏಕೆಂದರೆ ಕೇಳಿದ ಮಾತು ಸಾಕ್ಷ್ಯವಾಗುವುದು ಕಷ್ಟ. ಆದರೆ ಜನ ಇದನ್ನು ಬಳಸುವುದು ಅಷ್ಟಕ್ಕೇ ಅಲ್ಲ. ಒಂದು ಜೀವನಾಂಶದ ಅರ್ಜಿಯಲ್ಲಿ ಒಬ್ಬ ಹೆಣ್ಣುಮಗಳು, ತಾನು ಅತ್ತೆಯ ಜೊತೆ ಒಂದೇ ಸೂರಿನಡಿ ಇದ್ದ ದಿನಗಳನ್ನು ಕುರಿತು ಹೇಳುವಾಗ, "ಆಗ ನಮ್ಮ ಅತ್ತೆಗೆ ಹುಷಾರಿರಲಿಲ್ಲವಂತೆ" ಎಂದಳು. ಒಂದೇ ಒಲೆ, ನಡುವೆ ಒಂದು ಗೋಡೆ, ಆದರೂ 'ಅಂತೆ'. ಆ ಮನೆಯಲ್ಲಿ ಅವಳಿಗೆ ಏನೂ ಹೇಳುತ್ತಿರಲಿಲ್ಲ ಎಂಬುದೂ, ಹೇಳಿದ್ದನ್ನು ಅವಳು ನಂಬುತ್ತಿರಲಿಲ್ಲ ಎಂಬುದೂ ಆ ಎರಡು ಅಕ್ಷರದಲ್ಲಿತ್ತು. ಕಾಗದದ ಮೇಲೆ 'ಅತ್ತೆಗೆ ಆರೋಗ್ಯ ಸರಿ ಇರಲಿಲ್ಲ' ಎಂದಾಯಿತು. ಧಾರಾವಾಹಿಯ ಸೊಸೆ ಇದೇ ಸಂಕಟವನ್ನು ಹೇಳಲು ಕಿಟಕಿಯ ಹತ್ತಿರ ನಿಂತು ಅರ್ಧ ನಿಮಿಷ ಮಾತನಾಡುತ್ತಾಳೆ.

ಅವನು, ಅವರು ಎಂಬುದೂ ಹಾಗೆಯೇ. ಒಂದು ಪಾಲಿನ ದಾವೆಯಲ್ಲಿ ತಮ್ಮ ವಾದಿ, ಅಣ್ಣ ಎರಡನೇ ಪ್ರತಿವಾದಿ. ತಮ್ಮ ಕಟಕಟೆಯಲ್ಲಿ ನಿಂತು ಉದ್ದಕ್ಕೂ 'ಎರಡನೇ ಪ್ರತಿವಾದಿಯವರು' ಎಂದೇ ಹೇಳುತ್ತಿದ್ದ. ವಕೀಲರ ಕಚೇರಿಯಲ್ಲಿ ಕೇಳಿ ಕಲಿತ ಪದ ಅದು. ಹೊಲದಲ್ಲಿ ಬೆಳೆದ ಮನುಷ್ಯನ ಬಾಯಲ್ಲಿ ಆ ಗೌರವದ ಬಹುವಚನ ಬೈಗುಳಕ್ಕಿಂತ ಹರಿತವಾಗಿತ್ತು. ಪಾಟೀಸವಾಲಿನಲ್ಲಿ ಎದುರು ವಕೀಲರು, ನಿಮಗೆ ಹಾವು ಕಚ್ಚಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು ಎಂದು ಕೇಳಿದರು. ಅವನು ತಲೆ ಎತ್ತದೆ, "ಅಣ್ಣ ಹೊತ್ತುಕೊಂಡು ಹೋದ" ಎಂದ. ಎರಡನೇ ಪ್ರತಿವಾದಿಯವರು ಎಲ್ಲಿ ಹೋದರು! ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಣ್ಣ ಎದ್ದು ಹೊರಗೆ ಹೋದ. ನಾನು ಅಚ್ಚು ಮಾಡಿದ ವಾಕ್ಯ ಈಗಲೂ ನೆನಪಿದೆ: 'ಹಾವು ಕಚ್ಚಿದಾಗ ಎರಡನೇ ಪ್ರತಿವಾದಿಯು ನನ್ನನ್ನು ಆಸ್ಪತ್ರೆಗೆ ಸೇರಿಸಿದರು ಎಂದರೆ ಸರಿ.' ಈ ಎರಡು ವಾಕ್ಯಗಳ ನಡುವಿನ ದೂರವನ್ನು ನಾನು ತಂಗಿಯ ಮಗಳಿಗೆ ಒಂದು ಭಾನುವಾರ ಇಡೀ ಹೇಳಿದೆ.

ಇನ್ನೊಂದು ಬಾಧೆ, ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವುದು. ತಂದೆ ಮಗನಿಗೆ 'ನನಗೆ ನಿನ್ನ ಬಗ್ಗೆ ಹೆಮ್ಮೆ ಇದೆ' ಎನ್ನುತ್ತಾನೆ. ನಮ್ಮ ಕಡೆ ಯಾವ ಅಪ್ಪ ಮಗನ ಮುಖ ನೋಡಿ ಹೀಗೆ ಹೇಳಿದ್ದಾನೆ? ಮಗ ಎದುರಿಗಿಲ್ಲದಾಗ ಟೀ ಅಂಗಡಿಯಲ್ಲಿ ಹೇಳುತ್ತಾನೆ. ಅಲ್ಲಿದ್ದವರು ಬಂದು ಮಗನಿಗೆ ಹೇಳುತ್ತಾರೆ. ತಾಯಿಗೆ ಮಗಳು 'ಧನ್ಯವಾದ ಅಮ್ಮ' ಎನ್ನುವುದನ್ನು ಕೇಳಿದರೆ ಇವರಿಬ್ಬರಿಗೂ ಇಂದೇ ಪರಿಚಯವಾಯಿತೇನೋ ಎನಿಸುತ್ತದೆ. ಇವೆಲ್ಲಕ್ಕಿಂತ ನನ್ನನ್ನು ನಡುಗಿಸಿದ್ದು ಒಂದು ಸಾವಿನ ಮನೆಯ ದೃಶ್ಯ. ಹೆಣ ಎತ್ತಿ ಇನ್ನೂ ಹೊತ್ತಾಗಿಲ್ಲ. ನೋಡಲು ಬಂದ ನೆಂಟರು ಹೊರಡುವಾಗ "ಹೋಗಿ ಬರುತ್ತೇವೆ ಅಮ್ಮ" ಎಂದರು. ಸಾವಿನ ಮನೆಯಿಂದ ಹೊರಡುವವರು ಹಾಗೆ ಹೇಳುವುದಿಲ್ಲ. ಹೇಳದೆ ಎದ್ದು ನಡೆಯುತ್ತಾರೆ. ಬೇರೆಲ್ಲ ಮನೆಗಳಲ್ಲಿ 'ಹೋಗುತ್ತೇನೆ' ಎನ್ನಬಾರದು, ಬರುತ್ತೇನೆ ಎನ್ನಬೇಕು. ಆ ಒಂದು ಮನೆಯಲ್ಲಿ ಬರುತ್ತೇನೆ ಎನ್ನಬಾರದು. ಇಷ್ಟು ತಿಳಿದ ಬರಹಗಾರನಿಗೆ ಆ ದೃಶ್ಯದಲ್ಲಿ ಒಂದು ಮಾತೂ ಬೇಕಾಗುತ್ತಿರಲಿಲ್ಲ. ಬಾಗಿಲ ಬಳಿ ಬಂದು, ಬಾಯಿಗೆ ಬಂದ ಮಾತನ್ನು ನುಂಗಿ ಚಪ್ಪಲಿ ಮೆಟ್ಟುವ ಒಬ್ಬ ಮನುಷ್ಯನನ್ನು ತೋರಿಸಿದ್ದರೆ ಮಂಡ್ಯದ ಅರ್ಧ ಜನ ಕಣ್ಣೀರು ಹಾಕುತ್ತಿದ್ದರು.

ನನ್ನ ತಂಗಿಯ ಮಗಳ ಕಂತಿನಲ್ಲಿ, ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡ ಹುಡುಗಿ ರಾತ್ರಿ ಊರಿಗೆ ಬರುವ ದೃಶ್ಯವಿತ್ತು. ಅಪ್ಪನ ಮಾತು ಹೀಗಿತ್ತು: "ಮಗಳೇ, ನಿನ್ನ ನೋವು ನನಗೆ ಅರ್ಥವಾಗುತ್ತದೆ. ಏನೇ ಆದರೂ ನಾನು ನಿನ್ನ ಜೊತೆ ಇದ್ದೇನೆ." ಹಕಾರಗಳನ್ನು ತೆಗೆಯುವುದು ಇನ್ನೂ ಬಾಕಿ ಇತ್ತು. ನಾನು ಕೇಳಿದೆ, ನಿನ್ನ ಅಪ್ಪ ಹೀಗೆ ಮಾತನಾಡುತ್ತಾನೆಯೇ? ಅವಳು ನಕ್ಕಳು. ಹಾಗಾದರೆ ನೀನು ಮೊದಲ ಕೆಲಸ ಬಿಟ್ಟು ಬಂದ ರಾತ್ರಿ ಏನು ಹೇಳಿದ? ಅವಳ ನಗು ನಿಂತಿತು. ಇಬ್ಬರೂ ಕುಳಿತು ಬರೆದದ್ದು ಇದು:

"ಬಸ್ಸಿನಲ್ಲಿ ಸೀಟು ಸಿಕ್ಕಿತೇ?"
"ಸಿಕ್ಕಿತು."
"ಚೀಲ ಇಷ್ಟೇನಾ?"
"ಇನ್ನೊಂದಿದೆ. ಸ್ನೇಹಿತೆಯ ಮನೆಯಲ್ಲಿ ಇಟ್ಟಿದ್ದೇನೆ."
"ಅದನ್ನೂ ತಂದುಬಿಡೋಣ."
"ಹೂಂ."
"ನಾಲೆಗೆ ನೀರು ಬಿಟ್ಟಿದ್ದಾರೆ. ನಾನು ನಾಲ್ಕಕ್ಕೇ ಗದ್ದೆಗೆ ಹೋಗುತ್ತೇನೆ. ನೀನು ಬೇಗ ಏಳಬೇಡ."

ಕೆಲಸದ ಮಾತೇ ಬರಲಿಲ್ಲ. 'ಅದನ್ನೂ ತಂದುಬಿಡೋಣ' ಎಂಬಲ್ಲಿ ಅಪ್ಪನಿಗೆ ಎಲ್ಲವೂ ತಿಳಿದಿದೆ. ಇದನ್ನು ಧಾರಾವಾಹಿಯವರು ಪೂರ್ತಿ ಒಪ್ಪಲಿಲ್ಲ. ಹೆಂಗಸರು ಅಡುಗೆ ಮಾಡುತ್ತಾ ನೋಡುತ್ತಾರೆ, ತೆರೆಯ ಕಡೆ ಕಣ್ಣಿರುವುದಿಲ್ಲ, ಮಾತಿನಲ್ಲೇ ಎಲ್ಲ ಹೇಳಬೇಕು ಎಂಬುದು ಅವರ ವಾದ. ಈ ವಾದವನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಆದರೆ ಕಣ್ಣಿಲ್ಲದೆ ಕಿವಿಯೊಂದರಿಂದಲೇ ಕೇಳಿ ಬೆಳೆದ ನಾಡು ಇದು. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಶುರು ಮಾಡಿದ್ದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದು ಅಲ್ಲಿಂದಲೇ. ನಮ್ಮ ಅವ್ವ ರಾಗಿ ಕೇರುತ್ತಾ ರೇಡಿಯೊ ನಾಟಕ ಕೇಳುತ್ತಿದ್ದಳು. ಪಾತ್ರದವರು ಉತ್ತರ ಕೊಡಲು ತಡ ಮಾಡಿದರೆ ಅವಳ ಮೊರ ನಿಲ್ಲುತ್ತಿತ್ತು. ಅಡುಗೆ ಮಾಡುವವಳ ಕಿವಿ ಸೋಫಾದ ಮೇಲೆ ಕುಳಿತವರ ಕಿವಿಗಿಂತ ಚುರುಕು.

ನಮ್ಮ ತೆರೆಯ ಮಾತು ಗಟ್ಟಿಯಾಗಿರುವುದಕ್ಕೆ ಒಂದು ಹಳೆಯ ಕಾರಣವೂ ಇದೆ ಎಂದು ನನಗೆ ತೋರುತ್ತದೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರಕ್ಕೆ ಮಾತು ಬರೆದವರು ಕಂಪನಿ ನಾಟಕಗಳಿಗೆ ಬರೆದು ಹೆಸರಾಗಿದ್ದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ಕಂಪನಿ ನಾಟಕದಲ್ಲಿ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಕೇಳಿಸಬೇಕಿತ್ತು. ಮಾತು ಎತ್ತರದಲ್ಲಿ, ಪ್ರಾಸದಲ್ಲಿ, ಚಪ್ಪಾಳೆಗೆ ಜಾಗ ಬಿಟ್ಟು ಬರಬೇಕಿತ್ತು. ಅದು ಅಲ್ಲಿಗೆ ಸರಿಯಾದ ಕಲೆ, ಅದರ ಮೇಲೆ ನನಗೆ ಅಪಾರ ಗೌರವವಿದೆ. ಈಗ ಮೈಕು ನಟನ ಅಂಗಿಯೊಳಗೇ ಇದೆ. ಉಸಿರು ಎಳೆದುಕೊಂಡದ್ದೂ ಕೇಳಿಸುತ್ತದೆ. ಆದರೂ ಕೊನೆಯ ಸಾಲಿನವನಿಗಾಗಿಯೇ ಬರೆಯುತ್ತಿದ್ದೇವೆ.

ಕಥೆಗಾರರಿಗೂ ಒಂದು ಮಾತು. ತಮ್ಮ ಭಾನುವಾರದ ಪುರವಣಿಯ ಕಥೆಗಳನ್ನು ತಪ್ಪದೆ ಓದುತ್ತೇನೆ. 'ಎಂದು ಗುಡುಗಿದ', 'ಎಂದು ವಿಷಾದದ ನಗೆ ನಕ್ಕಳು', 'ಎಂದು ಮಾರ್ನುಡಿದ' ಎಂಬ ಬಾಲಗಳು ಪ್ರತಿ ಮಾತಿಗೂ ಏಕೆ? ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಬೇಕೆಂದು ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಮಿನಲ್ಲಿತ್ತು. ನನ್ನ ಸೇವೆಯಲ್ಲಿ ಅಂಥ ಟಿಪ್ಪಣಿ ಅಚ್ಚು ಮಾಡಿದ್ದು ಕೆಲವೇ ಸಲ. 'ಸಾಕ್ಷಿಯು ಆರೋಪಿಯ ಕಡೆಗೆ ನೋಡುತ್ತಿಲ್ಲ' ಎಂಬುದು ಅದರಲ್ಲೊಂದು. ಅಪರೂಪವಾಗಿದ್ದರಿಂದಲೇ ಆ ಸಾಲು ಓದಿದವರನ್ನು ತಡೆದು ನಿಲ್ಲಿಸುತ್ತಿತ್ತು. ಉಳಿದ ಕಡೆ 'ಎಂದ', 'ಎಂದಳು' ಸಾಕು.

ಕೊನೆಯದಾಗಿ ಒಂದು ಕೋರಿಕೆ. ಹೇಳಿಕೆ ಮುಗಿದ ಮೇಲೆ ಅದನ್ನು ಸಾಕ್ಷಿಗೆ ಓದಿ ಹೇಳಬೇಕೆಂದು ಅದೇ ಸಂಹಿತೆಯ 278ನೇ ಕಲಮಿನಲ್ಲಿತ್ತು. ಎಷ್ಟೋ ಸಲ ಓದಿದವಳು ನಾನೇ. ಹಸುವಿನ ಅಜ್ಜಿಗೆ ಓದಿ ಹೇಳಿ, ಸರಿ ಇದೆಯೇ ಎಂದು ಕೇಳಿದಾಗ ಆಕೆ ಹೇಳಿದಳು: "ಸರಿ ಇದೆ ಕಣವ್ವ. ಆದರೆ ಈ ಮಾತು ನನ್ನದಲ್ಲ." ತಾವು ಪ್ರತಿ ವರ್ಷ ನಡೆಸುವ ಕಥಾ ಸ್ಪರ್ಧೆಯಲ್ಲಿ, ಕೊನೆಯ ಸುತ್ತಿಗೆ ಬಂದ ಕಥೆಗಳ ಮಾತುಗಳನ್ನು, ಕಥೆ ಯಾವ ಸೀಮೆಯದೋ ಆ ಸೀಮೆಯ ಒಬ್ಬರ ಎದುರು ಗಟ್ಟಿಯಾಗಿ ಓದಿಸಿ. ಸಾಹಿತಿಗಳೇ ಆಗಬೇಕಿಲ್ಲ, ಸೊಪ್ಪು ಮಾರುವವರಿರಲಿ, ಆಲೆಮನೆಯವರಿರಲಿ, ಬಸ್ ನಿರ್ವಾಹಕರಿರಲಿ. 'ಈ ಮಾತು ನಮ್ಮದೇ' ಎಂದು ಅವರು ಹೇಳಿದ ಮೇಲೆ ತೀರ್ಪುಗಾರರು ಅಂಕ ಹಾಕಲಿ. ಮಂಡ್ಯ ಜಿಲ್ಲೆಯ ಕಥೆಗಳಿದ್ದರೆ ಓದುವ ಕೆಲಸಕ್ಕೆ ನಾನು ಬರುತ್ತೇನೆ, ಬಸ್ ಖರ್ಚೂ ಬೇಡ. ಕಲಿಯುವ ಹುಡುಗ ಹುಡುಗಿಯರಿಗೆ ಇನ್ನೊಂದು: ನ್ಯಾಯಾಲಯದ ವಿಚಾರಣೆ ಸಾಮಾನ್ಯವಾಗಿ ಬಹಿರಂಗವಾಗಿ ನಡೆಯುತ್ತದೆ. ಮೊಬೈಲ್ ಆರಿಸಿ ಹಿಂದಿನ ಬೆಂಚಿನಲ್ಲಿ ಒಂದು ವಾರ ಸುಮ್ಮನೆ ಕುಳಿತು ಕೇಳಿ. ಪಾಟೀಸವಾಲು ಸಾಮಾನ್ಯವಾಗಿ ಊಟದ ಬಿಡುವಿನ ನಂತರ ಬಿಸಿಯೇರುತ್ತದೆ.

ತಂಗಿಯ ಮಗಳ ಆ ದೃಶ್ಯ ಹೋದ ತಿಂಗಳು ಪ್ರಸಾರವಾಯಿತು. ನಾವು ಬರೆದ ಏಳು ಸಾಲಿನಲ್ಲಿ ಆರು ಹೋಗಿ, ಅಪ್ಪನ ಉದ್ದನೆಯ ಮಾತು ಹಕಾರವಿಲ್ಲದೆ ಬಂತು. ಅದರ ಕೊನೆಯಲ್ಲಿ ಮಾತ್ರ 'ನೀನು ಬೇಗ ಏಳಬೇಡ' ಎಂಬುದು ಉಳಿದಿತ್ತು. ಮರುದಿನ ಹಾಲು ತರಲು ಹೋದಾಗ, ಡೇರಿಯ ಹತ್ತಿರ ಇಬ್ಬರು ಹೆಂಗಸರು ಆ ಸಾಲನ್ನೇ ಹೇಳಿಕೊಂಡು ನಿಂತಿದ್ದರು.

ಇತಿ,
ನಿವೃತ್ತ ನ್ಯಾಯಾಲಯ ಬೆರಳಚ್ಚುಗಾರ್ತಿ,
ಮಂಡ್ಯ